ಉಪವಾಸ ಬಿದ್ದ ಕೌದಿ

ಕುಣಿಯುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮದುವೆ ಮೆರವಣಿಗೆಯಲ್ಲಿ ಬ್ಯಾಂಡು ಶುರುವಾದ ಕೂಡಲೇ ನಾನು ಯಾರದೋ ಚಪ್ಪಲಿ, ಚೀಲ, ಅಳುವ ಕೂಸು, ಏನಾದರೊಂದನ್ನು ಹಿಡಿದು ನಿಲ್ಲುತ್ತೇನೆ. ಕೈ ಖಾಲಿಯಿದ್ದರೆ ಯಾರಾದರೂ ಒಳಗೆ ಎಳೆದಾರು ಎಂಬ ಭಯ. ಜನ ನನ್ನನ್ನು ಪರೋಪಕಾರಿ ಎಂದುಕೊಂಡಿದ್ದಾರೆ.

ಇಂಥವನು ಮೊನ್ನೆ ಸಂಜೆ ಪಣಜಿಯ ಸೈಲೆಂಟ್ ಡಿಸ್ಕೋಗೆ ಹೋಗಿದ್ದೆ. ಅಲ್ಲಿ ಸ್ಪೀಕರ್ ಇಲ್ಲ. ಎಲ್ಲರಿಗೂ ಹೆಡ್‌ಫೋನ್, ಹಾಡು ಅವರವರ ಕಿವಿಯೊಳಗೆ, ಕುಣಿತ ಮಾತ್ರ ಎಲ್ಲರ ಕಣ್ಣಿಗೆ. ಯೋಗಿಗಳು ಅನಾಹತ ನಾದ ಎನ್ನುತ್ತಾರಲ್ಲ, ಯಾರೂ ಬಾರಿಸದೆ ಹುಟ್ಟಿ ಸಾಧಕನೊಬ್ಬನಿಗೇ ಕೇಳಿಸುವ ಸದ್ದು? ಅದಕ್ಕಾಗಿ ಹಿಂದೆ ಹಿಮಾಲಯಕ್ಕೆ ಹೋಗುತ್ತಿದ್ದರು. ಗೋವೆಯಲ್ಲಿ ಗೇಟಿನಲ್ಲೇ ಕೊಡುತ್ತಾರೆ, ಹೋಗುವಾಗ ವಾಪಸು ಮಾಡಬೇಕು ಅಷ್ಟೇ.

ನಾವು ಹೋದದ್ದು ಕುಣಿಯಲಿಕ್ಕಲ್ಲ, ಕುಣಿಯುವವರ ತಲೆಯ ಮೇಲಿದ್ದ ಕೌದಿ ನೋಡಲಿಕ್ಕೆ. ಕಲಾವಿದೆಯೊಬ್ಬಳು ಮೈದಾನದ ತುಂಬ ಚಪ್ಪರದಂತೆ ಅದನ್ನು ಕಟ್ಟಿಸಿದ್ದಳು. ಹೊಲಿದವರು ಗೋವೆಯ ಗಣಿ ಊರುಗಳಾದ ಕುಡಚಡೆ, ಸಾವರ್ಡೆಯಲ್ಲಿ ನೆಲೆಸಿರುವ ನಮ್ಮ ವಿಜಯಪುರದ ಕಡೆಯ ಹೆಂಗಸರು. ಅವರಿಗೆಲ್ಲ ಮುಂದಾಳುಗಳು ನನ್ನ ಹೆಂಡತಿ ಮಾದೇವಿ ಮತ್ತು ಅವಳ ಗೆಳತಿ ಹಸೀನಾ. ಹಳೆ ಸೀರೆ, ಹಸೀನಾಳ ಗಂಡ ಅದಿರು ಲಾರಿ ಓಡಿಸುವಾಗ ಹಾಕುತ್ತಿದ್ದ ಖಾಕಿ ಅಂಗಿ, ನನ್ನನ್ನು ಕೇಳದೇ ಕತ್ತರಿಸಿದ ನನ್ನ ಮದುವೆಯ ಧೋತರ, ಎಲ್ಲವೂ ಅದರಲ್ಲಿದ್ದವು. ನನ್ನ ಧೋತರ ಕಲೆಯಾಗಿತ್ತು.

ಕತ್ತೆತ್ತಿ ನೋಡುತ್ತಿದ್ದ ಮಾದೇವಿ ಒಮ್ಮೆಲೇ ಎದೆ ಹಿಡಿದುಕೊಂಡಳು.

"ಹಸೀನಾ, ಇದರ ಹೊಟ್ಟಿ ತುಂಬಿಸಿದೇನ?"

"ಅಯ್ಯ, ನೀ ತುಂಬಸ್ತಿ ಅಂತ ನಾ ಬಿಟ್ಟೆ!"

ಕೌದಿಯ ಕೊನೆಯ ತುಣುಕು ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿಯುವುದು ಪದ್ಧತಿ. ಕೌದಿ ಹಸಿದಿದ್ದರೆ ಅದರ ಕೆಳಗಿದ್ದವರಿಗೂ ಅನ್ನಕ್ಕೆ ಕೊರತೆ ಎಂದು ಇವರ ನಂಬಿಕೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದರೆ, ಇಲ್ಲಿ ಗೆಳತಿಯರ ವಿಶ್ವಾಸದಲ್ಲಿ ಕೌದಿ ಬಡವಾಗಿತ್ತು.

"ಇವರೇನ ಮಲಗಾಕ ಬಂದಾರೇನ? ಬಿಡು" ಎಂದೆ. ಮಾದೇವಿಯ ಕಣ್ಣು ತುಂಬಿದ್ದವು.

"ಇಷ್ಟ ಮಂದಿ ಮಕ್ಕಳನ್ನ ಹಸದ ಕೌದಿ ಕೆಳಗ ನಿಲ್ಲಿಸೇನ್ರಿ. ನನ್ನ ಕೈಲೆ ಹೊಲದದ್ದು."

ನನಗೆ ನಾಚಿಕೆಯಾಯಿತು. ನಮ್ಮ ಡಬ್ಬಿಯಲ್ಲಿ ಹೋಳಿಗೆ ಇತ್ತು. ಹಸೀನಾಳ ಚೀಲದಲ್ಲಿ ಸೂಜಿ ದಾರ ಯಾವತ್ತೂ ಇರುತ್ತದೆ. ಕಷ್ಟವೆಂದರೆ, ಕೌದಿ ಜೋತು ಕೈಗೆ ಎಟುಕುತ್ತಿದ್ದದ್ದು ನಟ್ಟನಡುವೆ, ಕುಣಿಯುವವರ ಮಧ್ಯದಲ್ಲಿ. ಅದೂ ನನ್ನಂಥ ಉದ್ದನೆಯ ಒಣಕಲಿಗೆ ಮಾತ್ರ.

ಹೋದೆ. "ಸ್ವಲ್ಪ ಸರೀರಿ" ಎಂದರೆ ಯಾರಿಗೂ ಕೇಳಿಸದು. ಒಂದು ತುಣುಕಿನ ಅಂಚು ಬಿಚ್ಚಿ, ಹೋಳಿಗೆಯ ಚೂರು ತುರುಕಿ, ತುದಿಗಾಲ ಮೇಲೆ ನಿಂತು ಹೊಲಿಯತೊಡಗಿದೆ. ಗುಂಡಿ ಹಚ್ಚಲೂ ಬಾರದವನು ನಾನು. ಹಿಂದೆ ಬಂದು ನಿಂತ ಮಾದೇವಿ, "ಜಗ್ಗರಿ, ಇನ್ನೂ ಉದ್ದ ಜಗ್ಗರಿ" ಎನ್ನುತ್ತಿದ್ದಳು. ಗಾಳಿಗೆ ಕೌದಿ ಆಚೆ ಹೋದರೆ ನಾನೂ ಆಚೆ, ಈಚೆ ಬಂದರೆ ಈಚೆ. ಎದುರಿದ್ದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳೂ ತುದಿಗಾಲಲ್ಲಿ ನಿಂತು ಕೈಯೆತ್ತಿ ಇಲ್ಲದ ದಾರ ಜಗ್ಗಿದಳು. ಅವಳನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಹಿಂದಿನವರು. ತುಸು ಹೊತ್ತಿಗೆ ಇಡೀ ಮೈದಾನ ಆಕಾಶಕ್ಕೆ ಹೊಲಿಗೆ ಹಾಕುತ್ತಿತ್ತು! ಜೀವಮಾನದಲ್ಲಿ ನಾನು ಕಲಿಸಿದ ಒಂದೇ ಕುಣಿತ ಅದು, ಅದೂ ಗೊತ್ತಿಲ್ಲದೇ.

ಗಂಟು ಹಾಕಿ ಮುಗಿಸಿದಾಗ ಆ ಹುಡುಗಿ ಚಪ್ಪಾಳೆ ತಟ್ಟಿ ತನ್ನ ಹೆಡ್‌ಫೋನನ್ನು ನನ್ನ ತಲೆಗೇರಿಸಿದಳು. ಹಾಡು ಕಿವಿಗೆ ಬಿದ್ದದ್ದೇ ತಡ, ಕಾಲು ಕಲ್ಲಾದವು. ಅತ್ತ ಮಾದೇವಿ ಬರಿಗಿವಿಯಲ್ಲೇ ಹಸೀನಾಳ ಎರಡೂ ಕೈ ಹಿಡಿದು ಗಿರಗಿರ ತಿರುಗುತ್ತಿದ್ದಳು.

"ಹಾಡಽ ಇಲ್ಲ, ಹೆಂಗ ಕುಣ್ಯಾಕತ್ತೀ?" ಎಂದು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಕೂಗಿದೆ.

"ಕೌದಿ ಉಂಡೈತಿ, ಇನ್ನ ಹಾಡ ಯಾಕ ಬೇಕ್ರಿ? ಬರ್ರಿ!"

ನಾನು ಹೆಡ್‌ಫೋನ್ ತೆಗೆದು ಹುಡುಗಿಗೆ ಕೊಟ್ಟು, ಹೋದೆ.