ಅಟ್ಟದ ಮೇಲಿನ ಗಂಡ

ತಲೆ ಕೆಟ್ಟಿದೆ ಎಂದು ಜನ ಎಷ್ಟು ಸಲೀಸಾಗಿ ಅಂದುಬಿಡುತ್ತಾರೆ. ತಲೆ ಏನು ಒಂದೇ ಸಾಮಾನೇ, ಕೆಟ್ಟರೆ ಪೂರ್ತಿ ಕೆಡುವುದಕ್ಕೆ? ದಬ್ಬೇಘಟ್ಟದ ಹಾಲಮ್ಮನಿಗೆ ಇವತ್ತು ಯಾವ ವಾರ ಎಂದು ಗೊತ್ತಿತ್ತು. ಮುದ್ದೆ ತಿರುವಲು ಬರುತ್ತಿತ್ತು. ಮಗಳು ಮಧುಶ್ರೀ ಯಾವ ಬಸ್ಸಿಗೆ ಹೋಗಿ ಯಾವ ಬಸ್ಸಿಗೆ ಬರುತ್ತಾಳೆಂದು ಗೊತ್ತಿತ್ತು. ಗೊತ್ತಾಗದೆ ಹೋದದ್ದು ಒಂದೇ, ಎದುರಿಗೆ ನಿಂತ ಬೀರಲಿಂಗಯ್ಯ ತನ್ನ ಗಂಡ ಎಂಬುದು.

"ನಮ್ಮನೆಯವ್ರು ಎಲ್ಲೋದ್ರು ಕಣ್ರೀ?" ಎಂದು ಅವನನ್ನೇ ಕೇಳುತ್ತಿದ್ದಳು.

ಬೀರಲಿಂಗಯ್ಯ ಕಿವಿಯಿಂದ ಬದುಕಿದ ಮನುಷ್ಯ. ಈ ಕಡೆ ಕೊಬ್ಬರಿಗೆಂದು ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಅವಸರಪಟ್ಟು ಒಡೆದರೆ ಹಾಳು. ಬೀರಲಿಂಗಯ್ಯ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ, ಆಗಿದೆ, ಇನ್ನೂ ತಿಂಗಳು ಬೇಕು, ಇದು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಮೂವತ್ತೈದು ವರ್ಷ ಊರಿನವರ ಅಟ್ಟಗಳನ್ನೆಲ್ಲ ಹತ್ತಿ ಇಳಿದಿದ್ದ. ಅವನ ಕಿವಿಗಿದ್ದ ಮರ್ಯಾದೆ ಅವನಿಗಿರಲಿಲ್ಲ ಎನ್ನಿ. ಅದರ ಬಗ್ಗೆ ಅವನಿಗೆ ಬೇಜಾರೂ ಇರಲಿಲ್ಲ.

ಹೋದ ಶ್ರಾವಣದಲ್ಲಿ ಗಂಡ ಹೆಂಡತಿ ಸಂಪಿಗೆ ಊರಿನ ದೇವಸ್ಥಾನಕ್ಕೆ ಹೋಗಿ ಮೊಪೆಡ್ಡಿನಲ್ಲಿ ಬರುತ್ತಿದ್ದರು. ರಸ್ತೆಗೆ ಹೊಸದಾಗಿ ಹಾಕಿದ ಹಂಪು ಅವನಿಗೆ ಕಾಣಲಿಲ್ಲ. ಹಾಲಮ್ಮನ ತಲೆಯ ಬಲಭಾಗ ರಸ್ತೆಗೆ ಬಡಿಯಿತು. ಅವನ ಮೊಣಕೈ ತರಚಿತು, ಅಷ್ಟೇ. ಆ ಅಷ್ಟೇ ಎಂಬುದನ್ನು ಅವನಿಗೆ ಸಹಿಸಲಾಗಲಿಲ್ಲ.

ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದವಳು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೆರಗು ಹೊದ್ದು ಒಳಗೆ ಹೋದಳು. ಗಾಳಿ ಸೋಕಿದೆ ಎಂದರು ಊರಿನವರು. ಬೀರಲಿಂಗಯ್ಯ ತಾಯತ ತಂದ. ತನ್ನ ಮುಖವೇ ಬದಲಾಗಿದೆಯೇನೋ ಎಂದು ಕನ್ನಡಿ ನೋಡಿಕೊಂಡ. ಯಾರೋ ಹೇಳಿದರೆಂದು ಮೀಸೆ ಬೋಳಿಸಿದ, ಇನ್ಯಾರೋ ಬೈದರೆಂದು ಮತ್ತೆ ಬಿಟ್ಟ.

ಕೊನೆಗೆ ತುಮಕೂರಿನಲ್ಲಿ ವನಜಾಕ್ಷಿ ಎಂಬ ನರರೋಗದ ಡಾಕ್ಟರು ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಣ್ಣು ಕಂಡದ್ದು ಮೊದಲು ಮೆದುಳಿನ ಹಿಂಭಾಗಕ್ಕೆ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ, ತಳದಲ್ಲಿ, ಮುಖಗಳನ್ನು ಗುರುತಿಸುವ ಜಾಗವೊಂದಿದೆ. ಇನ್ನೂ ಆಳದಲ್ಲಿ ಬಾದಾಮಿ ಬೀಜದಷ್ಟು ದೊಡ್ಡ ಭಾಗವಿದೆ, ಭಯವೂ ನಮ್ಮವರು ಎಂಬ ಬಿಸುಪೂ ಅದರ ಸುತ್ತಲೇ ಹುಟ್ಟುವುದು. ಹಾಲಮ್ಮನಲ್ಲಿ ಎರಡೂ ಚೆನ್ನಾಗಿವೆ, ನಡುವಿನ ದಾರಿ ಕಡಿದಿದೆ.

"ನಿಮ್ಮ ಮುಖ ನಿಮ್ಮದೇ ಥರ ಕಾಣುತ್ತೆ ಅವರಿಗೆ. ಆದ್ರೆ ನೋಡಿದಾಗ ಒಳಗಡೆ ಏನೂ ಆಗೋದಿಲ್ಲ. ಹಾಗಾಗಿ ಇವನು ಯಾರೋ ವೇಷ ಹಾಕಿದವನು ಅನ್ಕೋತಾರೆ. ಅದು ಸಾಧ್ಯಾನಾ ಅಂತ ತೂಗಿ ನೋಡೋದು ಹಣೆ ಹಿಂದಿನ ಭಾಗ, ಅದಕ್ಕೂ ಬಲಗಡೆ ಪೆಟ್ಟಾಗಿದೆ. ಕಿವಿಯ ದಾರಿ ಬೇರೆ, ಅದು ಉಳಿದಿರಬಹುದು."

"ಮಗಳನ್ನ ಗುರುತು ಹಿಡಿತಾಳಲ್ಲಮ್ಮ?"

"ಅದ್ಯಾಕೆ ಅಂತ ನಂಗೂ ಗೊತ್ತಿಲ್ಲ," ಎಂದರು ಡಾಕ್ಟರು. ಗೊತ್ತಿಲ್ಲ ಎಂದದ್ದಕ್ಕೇ ಅವನಿಗೆ ಅವರ ಮೇಲೆ ನಂಬಿಕೆ ಬಂತು.

ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಫಿಟ್ಸ್ ಬರದಂತೆ ದಿನಕ್ಕೆ ಮೂರು ಹೊತ್ತು ಮಾತ್ರೆ, ಒಂದು ಹೊತ್ತೂ ತಪ್ಪಬಾರದು, ತಪ್ಪಿದರೆ ಜೀವಕ್ಕೇ ಅಪಾಯ. ಬೆಳಗ್ಗೆ ರಾತ್ರಿ ಮಗಳು ಕೊಡುತ್ತಿದ್ದಳು. ಮಧ್ಯಾಹ್ನ ಅವಳು ತುರುವೇಕೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸದ ಮೇಲಿರುತ್ತಿದ್ದಳು. ಬೀರಲಿಂಗಯ್ಯ ಕೊಟ್ಟದ್ದನ್ನು ಹಾಲಮ್ಮ ಮುಟ್ಟುತ್ತಿರಲಿಲ್ಲ. ಊಟವನ್ನೂ ಅಷ್ಟೇ. ಹೀಗೆ ತಪ್ಪಿ ತಪ್ಪಿ ಒಮ್ಮೆ ಫಿಟ್ಸ್ ಬಂದು ಹೋಗಿತ್ತು.

ಒಂದು ಮಧ್ಯಾಹ್ನ ಸೋತು, ತಮ್ಮದೇ ಅಟ್ಟ ಹತ್ತಿ ಕಾಯಿ ಅಲ್ಲಾಡಿಸುತ್ತ ಕೂತ. ಇದಿನ್ನೂ ಆಗಿಲ್ಲ ಎಂದು ತನ್ನಷ್ಟಕ್ಕೆ ಬಾಯಿಬಿಟ್ಟೇ ಅಂದ.

"ಮಧು ಅಪ್ಪಾ, ಅಲ್ಲಿದ್ದೀಯಾ?" ಎಂದಿತು ಕೆಳಗಿನಿಂದ ಹಾಲಮ್ಮನ ದನಿ.

ಏಳು ತಿಂಗಳಿಂದ ಆ ಕರೆ ಅವನಿಗೆ ಕೇಳಿರಲಿಲ್ಲ. ಅಟ್ಟದ ಬಿದಿರು ಗಳುಗಳ ಸಂದಿಯಲ್ಲಿ ಅವಳ ಬೈತಲೆ ಮಾತ್ರ ಕಾಣುತ್ತಿತ್ತು.

"ಇಲ್ಲೇ ಅವ್ನಿ ಕಣೇ."

"ಕೆಳಗೊಬ್ಬ ಅವ್ನೆ. ನಿನ್ನ ಅಂಗೀನೇ ಹಾಕ್ಕೊಂಡು ಓಡಾಡ್ತಾನೆ. ನಂಗೆ ಭಯ ಆಯ್ತದೆ. ನೀನ್ಯಾವಾಗ ಇಳಿದ್ ಬತ್ತೀಯ?"

ಮಾತಾಡುತ್ತಲೇ ಇಳಿದರೆ ದನಿ ಮುಖಕ್ಕೆ ಅಂಟಿಕೊಳ್ಳಬಹುದೆಂದು ಆಸೆಪಟ್ಟು ಅವನು ಏಣಿಯ ಮೇಲೆ ಕಾಲಿಟ್ಟ. ಮೊದಲು ಕಾಲು ಕಂಡಿತು, ಸೊಂಟ ಕಂಡಿತು, ಮುಖ ಕಂಡಿತು. ಹಾಲಮ್ಮ ಗೋಡೆಗೆ ಒರಗಿಬಿಟ್ಟಳು. "ಅವ್ರ ದನೀನೂ ಕದ್ದಿದ್ದೀರಲ್ರೀ," ಎಂದಳು. ಕಿರುಚಲೂ ಇಲ್ಲ. ಕಿರುಚಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಮತ್ತೆ ಆ ತಪ್ಪು ಮಾಡಲಿಲ್ಲ. ದನಿ ಆ ಮುಖದಿಂದ ಬಿಡಿಸಿಕೊಳ್ಳಲೆಂದು ನಾಲ್ಕು ದಿನ ಮನೆಯೊಳಗೆ ತುಟಿ ಬಿಚ್ಚಲಿಲ್ಲ. ಐದನೆಯ ದಿನ ಅಟ್ಟದಿಂದ ಮೆಲ್ಲಗೆ ಕೆಮ್ಮಿದ. ಅವಳು ಓಗೊಟ್ಟಳು. ಅಂದಿನಿಂದ ದಿನಾ ಮಧ್ಯಾಹ್ನ ಮೇಲೊಬ್ಬ ಕೆಳಗೊಬ್ಬಳು ಕೂತು ಮಾತಾಡಿದರು. ಆ ಮನುಷ್ಯ ಕೊಟ್ಟಿದ್ದು ಉಣ್ಣು, ಮಾತ್ರೆ ನುಂಗು ಎಂದು ಅವನು ಬೇಡಿಕೊಂಡ. ನೀನಿರುವಾಗ ಬೇರೆಯವರ ಕೈಯ ಅನ್ನ ನಾನೇಕೆ ತಿನ್ನಲಿ ಎಂದು ಅವಳು ಹಠ ಹಿಡಿದಳು. ಪಾಪ, ಅದು ಮರ್ಯಾದಸ್ಥ ಹೆಂಗಸಿನ ಹಠ. ತಟ್ಟೆ ಹಾಗೇ ಆರಿಹೋಗುತ್ತಿತ್ತು.

ಒಂದು ಸೋಮವಾರ ಅವಳು ಕೇಳಿದಳು.

"ಮಧು ಅಪ್ಪಾ, ನಿಜ ಹೇಳು. ಅವತ್ತು ಗಾಡಿಯಿಂದ ಬಿದ್ದು ನೀನು ಸತ್ತೋದೆ ಅಲ್ವಾ? ಮಧು ನಂಗೆ ಹೇಳ್ತಿಲ್ಲ. ಬದುಕಿದ್ದಿದ್ರೆ ನೀನು ಇಳಿದು ಬತ್ತಿದ್ದೆ."

ಬೀರಲಿಂಗಯ್ಯ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಇಲ್ಲ ಎಂದರೆ ಇಳಿದು ಬಾ ಎನ್ನುತ್ತಾಳೆ. ಬೆಳಗಿನ ಮಾತ್ರೆ ನುಂಗಿ ಆರು ಗಂಟೆ ಕಾಲ ಕಳೆದಿತ್ತು, ಮಧ್ಯಾಹ್ನದ್ದರ ಹೊತ್ತು ಮೀರುತ್ತಿತ್ತು.

"ಹೂಂ ಕಣೇ. ಹೊಂಟೋದೆ," ಎಂದ. "ಇನ್ಮೇಲೆ ಆ ಮನುಷ್ಯ ಕೊಟ್ಟಿದ್ದು ಉಣ್ಣು. ನಂಗೋಸ್ಕರ."

ಹಾಲಮ್ಮ ಅತ್ತಳು. ಇಳಿದು ಹೋಗಿ ಸಮಾಧಾನ ಮಾಡುವ ಹಾಗೂ ಇಲ್ಲ. ಅಳು ನಿಂತ ಮೇಲೆ, ಅವಳು ಮುಖ ತೊಳೆಯಲು ಹಿತ್ತಲಿಗೆ ಹೋದಾಗ, ಅವನು ಸದ್ದಿಲ್ಲದೆ ಇಳಿದು ತಟ್ಟೆಗೆ ಮುದ್ದೆ, ಹುರುಳಿ ಸಾರು ಬಡಿಸಿಟ್ಟ. ಪಕ್ಕದಲ್ಲಿ ಮಾತ್ರೆ ಇಟ್ಟ.

ಅವಳು ಬಂದು ಕೂತಳು. ಹಣೆಯ ಕುಂಕುಮ ತೊಳೆದುಹೋಗಿತ್ತು. ಮುದ್ದೆಯನ್ನು ಮೂರು ಪಾಲು ಮಾಡಿ ಒಂದನ್ನು ಅವನತ್ತ ಸರಿಸಿದಳು. ಒಂದನ್ನು ಮುತ್ತುಗದ ಎಲೆಯ ಮೇಲಿಟ್ಟು, ಸಾರು ಹಾಕಿ, ಗೋಡೆಯ ಹತ್ತಿರ ಎಡೆ ಇಟ್ಟು ಕೈಮುಗಿದಳು.

"ನಮ್ಮನೆಯವ್ರು ತೀರ್ಕೊಂಡವ್ರೆ ಕಣ್ರೀ," ಎಂದಳು. "ಮೊದ್ಲು ಅವ್ರು ಉಣ್ಲಿ. ಆಮೇಲೆ ನಾವು ಉಣ್ಣಾನ."

ಸತ್ತುಹೋದ ತಾನು ಉಂಡು ಮುಗಿಸಲೆಂದು ಬೀರಲಿಂಗಯ್ಯ ಅವಳ ಜೊತೆ ಕಾಯುತ್ತ ಕೂತ. ಆಮೇಲೆ ಅವಳು ಉಂಡಳು, ಮಾತ್ರೆಯನ್ನೂ ನುಂಗಿದಳು.