ಮಾಸ್ತರರ ಡಬ್ಬಿಯ ಉಳ್ಳಾಗಡ್ಡಿ

ನೀಲಾಬಾಯಿಗೆ ಊರಲ್ಲಿ ಇನ್ನೊಂದು ಹೆಸರಿತ್ತು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಬೆನ್ನ ಹಿಂದೆ ಅನ್ನದವರೂ ಇರಲಿಲ್ಲ. ಉಳ್ಳಾಗಡ್ಡಿ ನೀಲಿ. ಮೂರನೆಯ ಇಯತ್ತೆಯಲ್ಲಿದ್ದಾಗ ಬಿದ್ದ ಹೆಸರು ಅದು. ಮದುವೆಯಾಗಿ ಬೇರೆ ಊರಿಗೆ ಹೋಗಿದ್ದರೆ ಇಲ್ಲಿಯೇ ಬಿಟ್ಟುಹೋಗುತ್ತಿತ್ತೇನೋ. ಆದರೆ ಅಪ್ಪ ಶಾಲೆ ಬಿಡಿಸಿ, ನಾಲ್ಕೈದು ವರ್ಷ ಮನೆಯಲ್ಲಿ ಇಟ್ಟುಕೊಂಡು, ಊರೊಳಗೇ ಇದ್ದ ಸೋದರಮಾವ ಮಹಾಲಿಂಗಪ್ಪನಿಗೆ ಕೊಟ್ಟುಬಿಟ್ಟ. ಮೇಲಿನ ಓಣಿಯಿಂದ ಕೆಳಗಿನ ಓಣಿಗೆ ಅವಳು ನಡೆದುಬಂದಾಗ ಆ ಹೆಸರೂ ಹಿಂದೆಯೇ ನಡೆದುಬಂತು. ಅವಳ ಅತ್ತೆಯೇ, ಅಂದರೆ ತಾಯಿಯ ತಾಯಿಯೇ, ಮುನಿದಾಗ ಅದೇ ಹೆಸರಿನಿಂದ ಕರೆದದ್ದುಂಟು.

ಅರಿಶಿನದ ಹೊಲಗಳಲ್ಲಿ ಕೂಲಿ ಮಾಡಿದಳು. ಮಿರಜದ ಬಜಾರಿನಲ್ಲಿ ಗೋಣಿತಟ್ಟು ಹಾಸಿ ಮೆಂತೆ, ಪುಂಡಿಪಲ್ಯ ಮಾರಿದಳು. ಮಕ್ಕಳನ್ನು ದಡ ಮುಟ್ಟಿಸಿದಳು, ಗಂಡನನ್ನು ಮಣ್ಣು ಮಾಡಿದಳು. ಇಷ್ಟೆಲ್ಲ ಆಗುವಾಗಲೂ ಎದೆಯೊಳಗೆ ಒಂದು ಕೆಂಡವನ್ನು ಆರದಂತೆ ಬೂದಿ ಮುಚ್ಚಿ ಇಟ್ಟುಕೊಂಡೇ ಬಂದಿದ್ದಳು. ಆ ಕೆಂಡದ ಹೆಸರು ಮಹಾವೀರ.

ಮಹಾವೀರ ಅವಳ ಇಯತ್ತೆಯವನೇ. ಊರಿನ ಜೈನರಲ್ಲಿ ಅವನದು ಬಲು ಕಟ್ಟುನಿಟ್ಟಿನ ಮನೆ. ನೀರು ಬಟ್ಟೆಯಲ್ಲಿ ಸೋಸದೆ ಕುಡಿಯುವವರಲ್ಲ, ಹೊತ್ತು ಮುಳುಗಿದ ಮೇಲೆ ಅಗಳು ಮುಟ್ಟುವವರಲ್ಲ, ಭೂಮಿಯೊಳಗೆ ಬೆಳೆಯುವ ಯಾವ ಗಡ್ಡೆಯೂ ಹೊಸ್ತಿಲು ದಾಟಿ ಒಳಗೆ ಬರುವಂತಿಲ್ಲ. ಆ ಮನೆಯ ಹುಡುಗನಿಗೆ ಉಳ್ಳಾಗಡ್ಡಿಯ ಹುಚ್ಚು. ನೀಲಾ ಬುತ್ತಿ ಬಿಚ್ಚಿದರೆ ಸಾಕು, ಶಾಲೆಯ ಹಿಂದಿನ ಹುಣಸೆ ಗಿಡದ ಬುಡಕ್ಕೆ ಬಂದು ನಿಲ್ಲುತ್ತಿದ್ದ. ಅವಳು ಉಳ್ಳಾಗಡ್ಡಿಯನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು ಅರ್ಧ ಕೊಡುವಳು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ತಿಂದು, ಮೇಲೆ ಹುಣಸೆ ಚಿಗುರು ಅಗಿದು ಬಾಯಿಯ ವಾಸನೆ ಕಳೆದುಕೊಳ್ಳುವನು. ಅವರ ಮನೆಯ ಬೆಲ್ಲದ ತುಂಡು ಅವಳಿಗೆ. ಇಬ್ಬರಿಗೂ ಅದು ಸರಿಹೋಗಿತ್ತು.

ಆಗಿನ ಮಾಸ್ತರು ಆದಪ್ಪ, ಅವರೂ ಜೈನರು. ಪ್ರಾಯದವರು, ಕೈ ಬಿರುಸು. ಮಧ್ಯಾಹ್ನ ಅವರ ಮನೆಯಿಂದ ಡಬ್ಬಿ ತರುವ ಕೆಲಸ ಮಹಾವೀರನದು. ಬೇರೆ ಜಾತಿಯ ಹುಡುಗರ ಕೈಯಿಂದ ಮಾಸ್ತರರ ತಾಯಿ ಡಬ್ಬಿ ಕಳಿಸುತ್ತಿರಲಿಲ್ಲ. ಒಂದು ದಿನ ಅವನು ಡಬ್ಬಿ ತರಲು ಹೋಗುವಾಗಲೇ ನೀಲಾಳ ಕೈಯಿಂದ ಅರ್ಧ ಉಳ್ಳಾಗಡ್ಡಿ ಇಸಿದುಕೊಂಡು ಹೋದ. ಡಬ್ಬಿ ಹಿಡಿದು, ದಾರಿಯುದ್ದಕ್ಕೂ ಕಚ್ಚುತ್ತ ಬರುತ್ತಿದ್ದಾಗ ಎದುರಿಗೆ ಅವನ ಅಪ್ಪನ ಸೈಕಲ್ಲು ಬಂತು. ಬಿಸಾಡಿದರೆ ಅಪ್ಪನಿಗೆ ಕಾಣುತ್ತದೆ. ಹುಡುಗ ಬೆನ್ನು ತಿರುಗಿಸಿ ಡಬ್ಬಿಯ ಮುಚ್ಚಳ ಎತ್ತಿ ಪಲ್ಯದೊಳಗೆ ಅದನ್ನು ಹುಗಿದುಬಿಟ್ಟ. ಆಮೇಲೆ ತೆಗೆದರಾಯಿತು ಅಂದುಕೊಂಡ. ಅಪ್ಪ ಜೊತೆಗೇ ಶಾಲೆಯ ಬಾಗಿಲ ತನಕ ಬಂದ.

ಮಾಸ್ತರು ಉಣ್ಣಲು ಕೂತರು. ಎರಡನೆಯ ತುತ್ತಿಗೆ ಹಲ್ಲಿಗೆ ಸಿಕ್ಕಿತು. ಅವರು ಉಗುಳಿ, ಹೊರಗೆ ಹೋಗಿ ಬಾಯಿ ಮುಕ್ಕಳಿಸಿದ್ದೇ ಮುಕ್ಕಳಿಸಿದ್ದು. ಒಳಗೆ ಬಂದು ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ಡಬ್ಬಿ ತಂದವನು ಮಹಾವೀರ. ಅವನು ಉಳ್ಳಾಗಡ್ಡಿ ಮುಟ್ಟುವ ಮಾತೇ ಇಲ್ಲ ಎಂದು ಅವನನ್ನೂ, ಅವನ ಜೊತೆಗೆ ತಮ್ಮವರ ಹುಡುಗರನ್ನೂ ಪಕ್ಕಕ್ಕೆ ಸರಿಸಿದರು. ಉಳಿದವರ ಕೈ ಮೂಸುತ್ತ ಬಂದರು. ಆಗತಾನೆ ಗುದ್ದಿ ಒಡೆದಿದ್ದ ನೀಲಾಳ ಕೈಯ ಹತ್ತಿರ ಮೂಗು ನಿಂತಿತು.

ಬಾರುಕೋಲು ಮುರಿಯುವ ತನಕ ಹೊಡೆದರು. ಅದನ್ನು ತಾನು ಹಾಕಿದ್ದಲ್ಲ, ಮಹಾವೀರ ಹಾಕಿದ್ದು ಎಂದು ಅವಳು ಅಂದದ್ದಕ್ಕೆ ಇನ್ನೆರಡು ಬಿದ್ದವು. ಮನೆಯಲ್ಲಿ ಅದನ್ನೇ ಹೇಳಿದ್ದಕ್ಕೆ, ಬಸದಿಯ ಮನೆಯವರ ಮೇಲೆ ಸುಳ್ಳು ಹೇಳುತ್ತೀಯಾ ಎಂದು ಅಪ್ಪನೂ ಹೊಡೆದ. ಸಂಜೆ ಬಾವಿಯ ಹತ್ತಿರ ಸಿಕ್ಕ ಮಹಾವೀರ, ಮನೆಯಲ್ಲಿ ಗೊತ್ತಾದರೆ ಜೀವ ತೆಗೆಯುತ್ತಾರೆ, ನಾಳೆ ನಾನೇ ಮಾಸ್ತರಿಗೆ ಹೇಳುತ್ತೇನೆ ಎಂದು ಅವಳ ಕೈ ಹಿಡಿದು ಅತ್ತ. ನಾಳೆ ಹೇಳಲಿಲ್ಲ, ನಾಡಿದ್ದು ಹೇಳಲಿಲ್ಲ. ಇಂಥ ಹುಡುಗಿ ಶಾಲೆಯಲ್ಲಿ ಬೇಡ ಎಂದು ಮಾಸ್ತರು ಹೇಳಿಕಳಿಸಿದರು. ಅಪ್ಪನಿಗೂ ಕಳೆ ತೆಗೆಯಲು ಒಂದು ಜೀವ ಬೇಕಿತ್ತು.

ಈಗ ಆ ಶಾಲೆಗೆ ಎಪ್ಪತ್ತೈದು ತುಂಬಿ ಅಮೃತ ಮಹೋತ್ಸವ. ಸಮಿತಿಯ ಅಧ್ಯಕ್ಷ ಮಹಾವೀರ. ಸಾಂಗ್ಲಿಯ ಪೇಟೆಯಲ್ಲಿ ಅರಿಶಿನದ ದೊಡ್ಡ ವ್ಯಾಪಾರಿ, ಊರಲ್ಲಿ ದ್ರಾಕ್ಷಿ ತೋಟ, ಶಾಲೆಗೆ ಅವನ ಅಪ್ಪನ ಹೆಸರಿನ ಹೊಸ ಕೋಣೆ. ವ್ರತ ನೇಮಗಳಲ್ಲಿ ಅಪ್ಪನನ್ನೂ ಮೀರಿಸಿದವನು ಎಂದು ಹೆಸರು. ನೀಲಾಬಾಯಿಯ ಸೊಸೆ ಕಾಂಚನ ಅದೇ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವವಳು. ಮಹೋತ್ಸವದ ಊಟವೂ ಅವಳದೇ ಕೈಯಲ್ಲಿ. ಅತ್ತೆ ಬರುವುದು ಬೇಡ ಎಂದು ಅವಳ ಮನಸ್ಸಿನಲ್ಲಿತ್ತು, ಬಾಯಿ ಬಿಟ್ಟು ಹೇಳಲಿಲ್ಲ. ನೀಲಾಬಾಯಿ ಇಳಕಲ್ಲ ಸೀರೆ ಉಟ್ಟು ಮುಂಚೆಯೇ ಹೋಗಿ ಹೆಂಗಸರ ಸಾಲಿನಲ್ಲಿ ಕೂತಳು. ಆದಪ್ಪ ಮಾಸ್ತರು ಬರುತ್ತಾರೆಂದು ಕೇಳಿದ್ದಳು. ಅವರ ಎದುರಿಗೆ ಮಹಾವೀರ ಈ ಮುದಿತನದಲ್ಲಾದರೂ ಬಾಯಿ ಬಿಡುತ್ತಾನೋ ನೋಡೋಣ ಎಂಬುದೊಂದೇ ಅವಳಿಗೆ ಬೇಕಾದದ್ದು. ಬಿಡದಿದ್ದರೆ ಬಿಡಿಸಬೇಕು. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಮಾಸ್ತರು ಈಗ ಒಣಗಿದ ಬೋರೆಹಣ್ಣಿನ ಹಾಗಿದ್ದರು. ಸಾಂಗ್ಲಿಯಿಂದ ಮಹಾವೀರನ ಕಾರಿನಲ್ಲೇ ಬಂದಿದ್ದರು. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ನೆನಪು ಹೇಳಿದರು. ಮಾಸ್ತರರ ಹೊಡೆತದಿಂದಲೇ ತಾವು ಮನುಷ್ಯರಾದೆವು ಎಂದು ಎಲ್ಲರೂ ಅಂದರು. ಕೊನೆಗೆ ಮಹಾವೀರ ಎದ್ದ. ಅತಿಥಿಗಳಿಗಾಗಿ ಮರಾಠಿಯಲ್ಲಿ ಸ್ವಲ್ಪ ಹೊತ್ತು ಮಾತಾಡಿದ. ಆಮೇಲೆ, ಇದನ್ನು ಮಾತ್ರ ಕನ್ನಡದಲ್ಲೇ ಹೇಳಬೇಕು ಎಂದು ನಗುತ್ತ ಶುರುಮಾಡಿದ. ನಮ್ಮ ಇಯತ್ತೆಯಲ್ಲಿ ಒಬ್ಬಳಿದ್ದಳು, ಎಂಥ ಗಟ್ಟಿಗಿತ್ತಿ ಅಂದರೆ ಗುರುಗಳ ಡಬ್ಬಿಗೇ ಉಳ್ಳಾಗಡ್ಡಿ ಹಾಕಿದಳು ಎಂದ. ಮಾಸ್ತರು ಬಾಯಿ ಮುಕ್ಕಳಿಸಿದ್ದನ್ನು ಗಲ್ಲ ಉಬ್ಬಿಸಿ ಮಾಡಿ ತೋರಿಸಿದ. ಮಂಟಪವೆಲ್ಲ ನಕ್ಕಿತು. ಅಲ್ಲೇ ಕೂತಿದ್ದಾಳೆ ನೋಡಿ ನಮ್ಮ ನೀಲಾ ಎಂದು ಕೈ ತೋರಿಸಿದ. ತಲೆಗಳೆಲ್ಲ ತಿರುಗಿದವು. ಅವಳು ವೇದಿಕೆಯತ್ತ ನೋಡಿದಳು. ಆದಪ್ಪ ಮಾಸ್ತರೂ ವಸಡು ಕಾಣುವಂತೆ ನಗುತ್ತಿದ್ದರು.

ಮಹಾವೀರ ಸುಮ್ಮನಿದ್ದದ್ದನ್ನು ಅವಳು ಇಷ್ಟು ವರ್ಷ ಸಹಿಸಿದ್ದಳು. ಇದು ಸುಮ್ಮನಿರುವುದಲ್ಲ. ಇವನು ತನ್ನ ಸುಳ್ಳನ್ನು ಬೆಳೆಸಿ, ಕಾಯಿ ಬಿಡಿಸಿ, ಮಾರಿ ತಿಂದಿದ್ದಾನೆ ಅನ್ನಿಸಿತು. ಎದ್ದು ಅಡುಗೆ ಕೋಣೆಗೆ ಹೋದಳು.

ಒಳಗೆ ಯಾರೂ ಇರಲಿಲ್ಲ, ಎಲ್ಲರೂ ಶಾಲು ಹೊದಿಸುವುದನ್ನು ನೋಡಲು ಹೊರಗಿದ್ದರು. ಒಲೆಯ ಮೇಲೆ ದೊಡ್ಡ ಪಾತೇಲಿ, ಊರವರಿಗೆ. ಪಕ್ಕದಲ್ಲಿ ಸಣ್ಣ ಪಾತೇಲಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಸಾರು, ಜೈನರಿಗೆ. ಬುಟ್ಟಿಯ ತುಂಬ ಹೆಚ್ಚಿದ ಉಳ್ಳಾಗಡ್ಡಿ ಉಳಿದಿತ್ತು. ನೀಲಾಬಾಯಿ ಒಂದು ಹಿಡಿ ತೆಗೆದುಕೊಂಡಳು. ಸಣ್ಣ ಪಾತೇಲಿಯ ಮುಚ್ಚಳ ಸರಿಸಿದಳು. ಕುದಿವ ಸಾರಿನಲ್ಲಿ ಕರಗಿಹೋದರೆ ಯಾರಿಗೂ ತಿಳಿಯುವುದಿಲ್ಲ. ಎಲ್ಲರೂ ಉಂಡು ಕೈ ತೊಳೆದ ಮೇಲೆ ಹೇಳಬೇಕು. ಅವನು ಗಂಟಲಿಗೆ ಬೆರಳು ಹಾಕಿ ಕಾರಿಕೊಳ್ಳುವುದನ್ನು ಕುರ್ಚಿ ಹಾಕಿಕೊಂಡು ನೋಡಬೇಕು.

"ಅತ್ತಿ." ಕಾಂಚನ ಬಾಗಿಲಲ್ಲಿ ನಿಂತಿದ್ದಳು. "ಅದರಾಗ ನನ್ನ ನೌಕರಿ ಐತ್ರಿ."

ನೀಲಾಬಾಯಿ ಕೈ ಹಿಂದಕ್ಕೆ ತೆಗೆಯಲಿಲ್ಲ. ನೌಕರಿಗಾಗಿ ತೆಗೆಯುತ್ತಲೂ ಇರಲಿಲ್ಲ. ಆದರೆ ಆ ಮಾತಿನಿಂದ ಒಂದು ಗಳಿಗೆ ತಡವಾಯಿತಲ್ಲ, ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು. ಇದನ್ನು ಹಾಕಿದರೆ ಅವನು ಮೈಕಿನಲ್ಲಿ ಹೇಳಿದ್ದು ಇವತ್ತಿನಿಂದ ನಿಜವಾಗುತ್ತದೆ. ಅವನ ಸುಳ್ಳಿಗೆ ತಾನೇ ಕೈಯಾರೆ ಸಾಕ್ಷಿ ಕೊಟ್ಟಂತೆ. ಹಿಡಿಯನ್ನು ದೊಡ್ಡ ಪಾತೇಲಿಗೆ ಸುರಿದಳು. ಕೈಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದಳು. ಸಾರಿನ ಬಕೆಟ್ಟು ತುಂಬಿಕೊಡು, ಬಡಿಸುವವಳು ನಾನು ಎಂದಳು. ಕಾಂಚನ ಅತ್ತೆಯ ಮುಖ ನೋಡಿ, ಸಣ್ಣ ಪಾತೇಲಿಯಿಂದಲೇ ತುಂಬಿಕೊಟ್ಟಳು.

ಜೈನರ ಪಂಗತಿ ಹೊಸ ಕೋಣೆಯಲ್ಲಿ ಕೂತಿತ್ತು. ಮೊದಲಿಗೆ ಆದಪ್ಪ ಮಾಸ್ತರು, ಪಕ್ಕದಲ್ಲಿ ಮಹಾವೀರ, ಮುಂದೆ ಸಾಂಗ್ಲಿಯಿಂದ ಬಂದ ಅವನ ಬೀಗರು, ವ್ಯಾಪಾರಿಗಳು. ನೀಲಾಬಾಯಿ ಮಾಸ್ತರರ ಪತ್ರಾವಳಿಗೆ ಸಾರು ಬಿಟ್ಟು ಮಹಾವೀರನ ಮುಂದೆ ಬಗ್ಗಿದಳು. ಅವನು ಪತ್ರಾವಳಿಯ ಮೇಲೆ ಕೈ ಅಡ್ಡ ಹಿಡಿದು ಬೀಗರ ಕಡೆ ಕಣ್ಣು ಹೊಡೆದ.

"ನೀಲಾ, ಇದರಾಗೂ ಏನರ ಹಾಕಿಯೇನ ಮತ್ತ?"

ಸಾಲು ನಕ್ಕಿತು. ಅವಳು ಬಕೆಟ್ಟು ನೆಲಕ್ಕಿಟ್ಟಳು. ಅವನನ್ನು ಬಿಟ್ಟು ಮಾಸ್ತರರ ಕಡೆ ತಿರುಗಿದಳು.

"ಮಾಸ್ತರ್ರ, ಅವತ್ತ ನೀವು ನನ್ನ ಕೈ ಮೂಸಿದ್ರಿ. ಡಬ್ಬಿ ತಂದವನ ಕೈ ಮೂಸಲಿಲ್ಲ."

ಮಾಸ್ತರಿಗೆ ಮೊದಲು ತಿಳಿಯಲಿಲ್ಲ. ಮಹಾವೀರನಿಗೆ ತಿಳಿಯಿತು. ಮಂದಿ ಉಣ್ಣಲು ಕೂತಿದ್ದಾರೆ, ಹುಡುಗರಿದ್ದಾಗಿನ ಮಾತು ಈಗ ಯಾಕೆ ಎಂದು ಮೆಲ್ಲಗೆ ಅಂದ.

"ಹುಡುಗರಿದ್ದಾಗಿನ ಮಾತು ಮೈಕಿನ್ಯಾಗ ತೆಗದಾಂವ ನೀನ," ಎಂದಳು ನೀಲಾಬಾಯಿ. ದಿನಾ ಸಾವಕಾರ ಎಂದು ಬಹುವಚನ ಹಚ್ಚುವವಳು ಇವತ್ತು ಹಚ್ಚಲಿಲ್ಲ. "ಗುರುವಿನ ಕಾಲ ಮುಟ್ಟು. ಹುಣಸಿ ಗಿಡದ ಬುಡಕ ನನ್ನ ಕೈಯಾಂದು ಉಳ್ಳಾಗಡ್ಡಿ ತಿಂದಿಲ್ಲ ಅಂತ ಹೇಳು. ಡಬ್ಬ್ಯಾಗ ನೀ ಹಾಕಿಲ್ಲ ಅಂತ ಹೇಳು. ನೀ ಹೇಳಿದಿ ಅಂದ್ರ ನಾನ ಸುಳ್ಳಿ, ಈ ಊರಾಗ ಮತ್ತ ಮಾರಿ ತೋರ್ಸೂದಿಲ್ಲ."

ಬೀಗರು ಇನ್ನೂ ನಗುವ ಬಾಯಲ್ಲೇ ಇದ್ದರು. ಮಹಾವೀರನೂ ನಗುತ್ತಲೇ ಪಕ್ಕಕ್ಕೆ ಬಾಗಿ ಮಾಸ್ತರರ ಪಾದದ ಕಡೆ ಕೈ ಚಾಚಿದ. ಕೈ ಅರ್ಧ ದಾರಿಯಲ್ಲಿ ನಿಂತಿತು. ಪೇಟೆಯಲ್ಲಿ ಅವನು ಏನೆಲ್ಲ ಹೇಳಿ ಮಾಲು ಮಾರಿರಬಹುದು, ಆದರೆ ಗುರುವಿನ ಪಾದದ ಮೇಲೆ ಕೈಯಿಟ್ಟು ಸುಳ್ಳಾಡಲು ಆ ಮನೆಯ ಮನುಷ್ಯನಿಂದ ಆಗಲಿಲ್ಲ. ನೀಲಾಬಾಯಿ ಆ ಕೈಯನ್ನೇ ನೋಡುತ್ತಿದ್ದಳು. ಅದು ಪಾದ ಮುಟ್ಟದೆ ಹಿಂದಕ್ಕೆ ಸರಿದಾಗ ಅವಳಿಗೆ ಹುಗ್ಗಿ ಉಂಡಷ್ಟು ಹಿತವಾಯಿತು.

"ನೀ ತಿಂದಿದ್ದಿಯೇನ?" ಮಾಸ್ತರು ಕೇಳಿದರು.

"ಅಪ್ಪ ಎದುರಿಗೆ ಬಂದ್ರಿ ಸರ. ಅಂಜಿದ್ನಿರಿ."

ಮಾಸ್ತರು ಪತ್ರಾವಳಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿ, ಗೋಡೆ ಹಿಡಿದು ಎದ್ದರು. ಪಂಗತಿಯಲ್ಲಿ ಹಿರಿಯರು ಉಣ್ಣದೆ ಎದ್ದರೆ ಉಳಿದವರು ತುತ್ತು ಎತ್ತುವಂತಿಲ್ಲ. ಬೀಗರು ಎದ್ದರು, ವ್ಯಾಪಾರಿಗಳು ಎದ್ದರು. ಹುಗ್ಗಿ, ಅನ್ನ, ಸಾರು ಹಾಗೇ ಉಳಿದವು. ಅಪ್ಪನ ಹೆಸರು ಬರೆಸಿದ ಗೋಡೆಯ ಕೆಳಗೆ ಮಹಾವೀರ ಒಬ್ಬನೇ ಕೂತಿದ್ದ. ನೀಲಾಬಾಯಿ ಬಗ್ಗಿ ಅವನ ಅನ್ನದ ಮೇಲೆ ಒಂದು ಸೌಟು ಸಾರು ಬಿಟ್ಟಳು.

"ಉಣ್ಣು. ಇದರಾಗ ಏನೂ ಇಲ್ಲ."

ಸುದ್ದಿ ಹೊರಗಿನ ಪಂಗತಿಗೆ ಅವಳಿಗಿಂತ ಮುಂಚೆ ಮುಟ್ಟಿತ್ತು. ಅಡುಗೆ ಕೋಣೆಯಲ್ಲಿ ಕಾಂಚನ ಸೆರಗಿನಿಂದ ಕಣ್ಣೊರೆಸಿಕೊಂಡು, ನಾಳೆಯಿಂದ ಬರಬೇಡ ಅನ್ನುತ್ತಾರೆ ಎಂದಳು. ನೀಲಾಬಾಯಿ ಖಾಲಿ ಪಾತೇಲಿಯನ್ನು ಹೊರಗೆ ಎಳೆದುಕೊಂಡು ತಿಕ್ಕಲು ಕೂತಳು. ಅನ್ನಲಿ, ಯಾಕೆ ಬಿಡಿಸಿದಿ ಎಂದು ಊರು ಕೇಳಿದರೆ ಕಾರಣವನ್ನು ಮಹಾವೀರನೇ ಹೇಳಬೇಕಾಗುತ್ತದೆ ಎಂದಳು. ಕಾಂಚನ ಅಳುವುದನ್ನು ನಿಲ್ಲಿಸಿ, ಆ ಮಾತನ್ನು ತೂಗಿ ನೋಡುತ್ತ, ತೊಳೆಯಲು ನೀರು ತಂದಿಟ್ಟಳು.

ಸ್ವಲ್ಪ ಹೊತ್ತಿಗೆ ಕೋಲಿನ ಸಪ್ಪಳ ಕೇಳಿಸಿತು. ಆದಪ್ಪ ಮಾಸ್ತರು ಯಾರದೋ ಭುಜ ಹಿಡಿದುಕೊಂಡು ಬಂದು, ನೀಲಾಬಾಯಿಯಿಂದ ಮಾರುದೂರದಲ್ಲಿ ಬಿಸಿಲಿನಲ್ಲೇ ನಿಂತರು. ಅವಳು ತಲೆ ಎತ್ತಲೆಂದು ಕಾದರು. ಅವಳು ಎತ್ತಲಿಲ್ಲ.

"ಅತ್ತಿ, ಮಾಸ್ತರು ನಿಂತಾರ್ರಿ," ಎಂದಳು ಕಾಂಚನ.

"ನಿಂದರ್ಲಿ. ಸಾಲಿಯಿಂದ ಹೆಸರು ತಗದ ಮ್ಯಾಲೆ ನಾನೂ ಪಾಟಿ ಹಿಡಕೊಂಡು ಸಾಲಿ ಬಾಗಲಾಗ ನಿಂದರ್ತಿದ್ದೆ. ಇವತ್ತರ ಒಳಗ ಕರೀತಾರ ಅಂತ."

ಮೆಲ್ಲಗೆ ಹೇಳಿದ್ದಲ್ಲ, ಕೇಳಲಿ ಎಂದೇ ಹೇಳಿದ್ದು. ಮಾಸ್ತರು ಕೇಳಿಸಿಕೊಂಡರು. ಒಂದು ಕೈ ಎದೆಯ ತನಕ ಎತ್ತಿದರು, ಇನ್ನೊಂದು ಕೋಲಿನ ಮೇಲಿದ್ದದ್ದರಿಂದ ಜೋಡಿಸಲಾಗಲಿಲ್ಲ. ನೀಲಾಬಾಯಿ ಬೂದಿ ಹಾಕಿ ಪಾತೇಲಿಯ ತಳವನ್ನು ಇನ್ನೊಮ್ಮೆ, ಮತ್ತೂ ಒಮ್ಮೆ ತಿಕ್ಕಿದಳು. ಆಚೆಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆಯೇ ತಲೆ ಎತ್ತಿದ್ದು.

ಹಸಿವಾಗಿದೆ ಎಂದು ಸೊಸೆಗೆ ಹೇಳಿದಳು. ಕಾಂಚನ ಪತ್ರಾವಳಿ ಹಾಸಿದಳು. ಅವಳು ಕಾಲು ಮಡಿಚಿ ಕೂತು, ಎರಡೆರಡು ಸಲ ಹುಗ್ಗಿ ಹಾಕಿಸಿಕೊಂಡು, ತುಪ್ಪ ಕೇಳಿ ಬಿಡಿಸಿಕೊಂಡು ಉಂಡಳು.