ಕುದುರೆ ತಿಂದ ರೊಟ್ಟಿ

ಆಗಿನ್ನೂ ನಮ್ಮ ಕಡೆ ನಿಜಾಮರ ಆಳ್ವಿಕೆ. ಎರಡನೇ ಮಹಾಯುದ್ಧ ಶುರುವಾಗಲು ಒಂದೆರಡು ವರ್ಷ ಬಾಕಿ ಇತ್ತು. ನಾನು ಜೇವರ್ಗಿ ತಾಲೂಕಿನ ಅಂದೋಲಾದಿಂದ ಆಳಂದ ತಾಲೂಕಿನ ನರೋಣಾಕ್ಕೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಅತ್ತೆಯ ಮುಂದೆ ತಲೆ ಎತ್ತಿ ಮಾತಾಡುವ ಧೈರ್ಯ ಇನ್ನೂ ಬಂದಿರಲಿಲ್ಲ. ಅಂಥ ನಾನು ಒಂದು ಬೆಳಿಗ್ಗೆ ಆಡಿದ ಮಾತು ನೆನಪಾದರೆ ಈಗಲೂ ಮೈ ಬೆವರುತ್ತದೆ.

ನಮ್ಮತ್ತೆ ಗುರುಬಸಮ್ಮನವರ ಜೋಳದ ರೊಟ್ಟಿ ಎಂದರೆ ಸುತ್ತ ಏಳು ಊರಿಗೆ ಹೆಸರು. ಕಾಗದದಷ್ಟು ತೆಳುವಾಗಿ ತಟ್ಟಿ, ಬೇಯಿಸಿ, ಮತ್ತೆ ಒಲೆಯ ಬದಿಗೆ ನಿಲ್ಲಿಸಿ ಖಡಕ್ ಆಗಿ ಒಣಗಿಸುತ್ತಿದ್ದರು. ತಿಂಗಳು ಇಟ್ಟರೂ ಕೆಡುತ್ತಿರಲಿಲ್ಲ. ತಮ್ಮ ರೊಟ್ಟಿಯ ಬಗ್ಗೆ ಅವರಿಗಿದ್ದ ಅಭಿಮಾನ ತಮ್ಮ ಮಗನ ಬಗ್ಗೆಯೂ ಇರಲಿಲ್ಲ. ಮಗ ಎಂದರೆ ನನ್ನ ಗಂಡ, ಆದ್ದರಿಂದ ನನಗದು ಚೆನ್ನಾಗಿ ಗೊತ್ತು.

ನಮ್ಮೂರಿನ ಮೌಲಾಸಾಬ್ ಕಾಕಾ ವಾರಕ್ಕೊಮ್ಮೆ ಬಂಡಿ ಕಟ್ಟಿಕೊಂಡು ಆಳಂದಕ್ಕೆ ಹೋಗುತ್ತಿದ್ದರು. ಒಮ್ಮೆ ಅತ್ತೆ ಕಟ್ಟಿಕೊಟ್ಟ ಬುತ್ತಿಯನ್ನು ಅಲ್ಲಿನ ಹತ್ತಿ ಬಿಡಿಸುವ ಜಿನ್ನಿನ ಕೂಲಿಗಳ ಜೊತೆ ಹಂಚಿಕೊಂಡು ತಿಂದರಂತೆ. ತಿರುಗಿ ಬಂದವರೇ, “ಅಮ್ಮಾರೆ, ಜಿನ್ನಿನ ಮಂದಿ ಈ ಬುತ್ತಿ ಇನ್ನಷ್ಟು ತಗೊಂಬಾ ಅಂತ ಗಂಟ ಬಿದ್ದಾರ್ರಿ” ಅಂದರು. ಅಷ್ಟು ಸಾಕಾಯಿತು. ಮರುವಾರದಿಂದ ನಮ್ಮ ಮನೆಯಲ್ಲಿ ವ್ಯಾಪಾರ ಶುರುವಾಯಿತು.

ಊರಲ್ಲಿ ಗುಸುಗುಸು ಎದ್ದಿತು. ರೊಟ್ಟಿ ಅಂದರೆ ಅನ್ನ, ಅನ್ನ ಅಂದರೆ ದೇವರು. ಹಸಿದು ಬಂದವರಿಗೆ ಇಕ್ಕಬೇಕೇ ಹೊರತು ಮಾರುವುದುಂಟೇ? ಪಕ್ಕದ ಮನೆಯವರಂತೂ ಕಟ್ಟೆಯ ಮೇಲೆ ನಿಂತೇ, “ರೊಟ್ಟಿ ಮಾರಿದ ಪಾಪ ಏಳು ಜನ್ಮ ಬಿಡೂದಿಲ್ಲ ನೋಡ್” ಅಂದರು. ಅತ್ತೆ ಬಗ್ಗಲಿಲ್ಲ. “ಪಾಪ ಬಂದ್ರ ನನ್ನ ತಲಿಮ್ಯಾಲ ಬರಲಿ. ನಿಮ್ಮ ಮನಿಗೆ ಕಳಸೂದಿಲ್ಲ” ಎಂದು ಒಲೆ ಊದಿದರು.

ಹತ್ತು ರೊಟ್ಟಿಗೆ ಒಂದು ಕಟ್ಟು. ಕಟ್ಟಿನ ಮೇಲೆ ಎಲೆಯಲ್ಲಿ ಸುತ್ತಿದ ಒಂದು ಹಿಡಿ ಶೇಂಗಾ ಹಿಂಡಿ, ಪುಕ್ಕಟೆ. ಶೇಂಗಾ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಒರಳಲ್ಲಿ ಕುಟ್ಟುವ ಆ ಪುಡಿ ನನ್ನ ಪಾಲಿನ ಕೆಲಸ. ನಮ್ಮವ್ವ ಕಲಿಸಿದ ಹಾಗೆ, ಎಣ್ಣೆ ಬಿಡುವ ತನಕ ಕುಟ್ಟುತ್ತಿದ್ದೆ. ಅತ್ತೆಗೆ ಅದು ದಂಡದ ಬಾಬತ್ತು. “ಎಷ್ಟ ಕುಟ್ತಿ ಬೇ? ರೊಟ್ಟಿ ಛಲೋ ಇದ್ರ ಹಿಂಡಿ ಯಾರ್ ಕೇಳ್ತಾರ?” ಎಂದು ದಿನಾ ಗೊಣಗುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ, ಕುಟ್ಟುತ್ತಿದ್ದೆ.

ಮೌಲಾಸಾಬ್ ಕಾಕಾನ ಬಂಡಿ ಊರೊಳಗೆ ಬಂದ ಸದ್ದಾದರೆ ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡುತ್ತಿದ್ದರು. “ಖಾಲಿ ಆತೇನ್ ಮೌಲಾ?” “ಖಾಲಿ ಆತ್ರಿ ಅಮ್ಮಾ.” ಆರು ತಿಂಗಳು ಇದೇ ಪ್ರಶ್ನೆ, ಇದೇ ಉತ್ತರ. ಇಪ್ಪತ್ತು ಕಟ್ಟು ಹೋದರೂ ಖಾಲಿ, ನಲವತ್ತು ಹೋದರೂ ಖಾಲಿ.

ಅತ್ತೆಯ ಆಸೆ ಬೆಳೆಯಿತು. ಹಿತ್ತಲಲ್ಲಿ ಒಂದು ಛಪ್ಪರ ಹಾಕಿ ಆರು ಒಲೆ ಹೂಡಬೇಕು, ಎಂಟು ಹೆಂಗಸರನ್ನು ಕೂಡಿಸಬೇಕು, ಆಳಂದಕ್ಕಷ್ಟೇ ಅಲ್ಲ, ಅಫಜಲಪುರದ ಸಂತೆಗೂ ರೊಟ್ಟಿ ಹೋಗಬೇಕು. ಅದಕ್ಕೆ ತಮ್ಮ ಬೆಳ್ಳಿಯ ಡಾಬು ಮಾರುವುದೆಂದು ತೀರ್ಮಾನಿಸಿದರು. ಅವರ ತವರಿನಿಂದ ಬಂದ ಸೊಂಟದ ಡಾಬು ಅದು. ಮಾವ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದಿದ್ದ ಒಂದೇ ಒಡವೆ. ಒಡವೆ ಮಾಡುವ ಪತ್ತಾರನಿಗೆ ಬರಲು ಹೇಳಿಯೂ ಆಯಿತು, ಹಿತ್ತಲಲ್ಲಿ ಒಲೆಗಳ ಜಾಗಕ್ಕೆ ಸುಣ್ಣದ ಗೆರೆ ಎಳೆದೂ ಆಯಿತು.

ಡಾಬು ಕೊಡುವ ಮೊದಲು ಒಂದು ಸಲ ನೋಡಿಕೊಂಡು ಬರಲಿ ಎಂದು ಅತ್ತೆ ನನ್ನನ್ನು ಕರೆದರು. “ಶಾಂತಾ, ಮೌಲಾನ ಬಂಡ್ಯಾಗ ಆಳಂದಕ್ಕ ಹೋಗಿ ಬಾ. ಇನ್ನ ಎಷ್ಟ್ ಕಟ್ಟು ಕಳಿಸಿದ್ರ ಹೋಗ್ತಾವ, ಕಣ್ಣಾರೆ ನೋಡಿ ಹೇಳು. ನಿನ್ನ ಗಂಡನ್ನ ಕಳಿಸಿದ್ರ ಚಾ ಕುಡದು ಎಲ್ಲಾ ಛಲೋ ಅದ ಅಂತ ಬರ್ತಾನ.”

ನಸುಕಿನಲ್ಲಿ ಹೊರಟು ಮಧ್ಯಾಹ್ನಕ್ಕೆ ಆಳಂದ ಮುಟ್ಟಿದೆವು. ಜಿನ್ನಿನ ಬಾಗಿಲ ಎದುರು ಬೇವಿನ ಮರ, ಅದರ ನೆರಳಲ್ಲಿ ನಾಲ್ಕೈದು ಟಾಂಗಾ. ಊಟದ ಹೊತ್ತಿನ ಭೋಂಗಾ ಕೂಗಿತು. ತಲೆಗೂದಲಿಗೆಲ್ಲ ಅರಳೆ ಮೆತ್ತಿಕೊಂಡ ಗಂಡಸರು ಗುಂಪುಗುಂಪಾಗಿ ಹೊರಬಂದು ಬಂಡಿಯನ್ನು ಮುತ್ತಿದರು. ನೋಡನೋಡುತ್ತಿದ್ದಂತೆ ನಲವತ್ತೂ ಕಟ್ಟು ಖಾಲಿ. ಸಿಗದವರು ಕಾಕಾನ ಜೊತೆ ಜಗಳಕ್ಕೇ ನಿಂತರು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಆರಲ್ಲ, ಹತ್ತು ಒಲೆ ಹೂಡಿದರೂ ಸಾಲದು ಅನ್ನಿಸಿತು.

ಅಷ್ಟರಲ್ಲಿ ಒಬ್ಬಾತ ಕಟ್ಟು ಬಿಚ್ಚಿದ. ಹಿಂಡಿಯ ಎಲೆಪೊಟ್ಟಣವನ್ನು ಜೋಪಾನವಾಗಿ ಅಂಗಿಯ ಕಿಸೆಗೆ ಇಳಿಸಿದ. ಹತ್ತೂ ರೊಟ್ಟಿಯನ್ನು ಟಾಂಗಾದವನ ಕೈಗೆ ಕೊಟ್ಟ. ಟಾಂಗಾದವನು ಅವನ್ನು ಲಟಲಟ ಮುರಿದು ಗೋಣಿಯ ತೋಬರಿ ಚೀಲಕ್ಕೆ ಹಾಕಿ ಕುದುರೆಯ ಮೂತಿಗೆ ಕಟ್ಟಿದ!

ಕಣ್ಣು ಉಜ್ಜಿಕೊಂಡು ನೋಡಿದೆ. ಇನ್ನೊಬ್ಬ ಬಂದ, ಅವನೂ ಹಾಗೇ ಮಾಡಿದ. ಮತ್ತೊಬ್ಬ. ಮರದ ಕೆಳಗಿದ್ದ ಕುದುರೆಗಳೆಲ್ಲ ನಮ್ಮತ್ತೆಯ ರೊಟ್ಟಿಯನ್ನು ಕರುಂ ಕರುಂ ಎಂದು ಅಗಿಯುತ್ತಿದ್ದವು. ಒಲೆಯ ಮುಂದೆ ಬೆನ್ನು ಬಾಗಿಸಿ ಕೂತ ಅತ್ತೆ ಕಣ್ಣ ಮುಂದೆ ಬಂದರು.

ಹೆಂಗಸು ಎಂಬ ಸಂಕೋಚ ಮರೆತು ಆ ಮೊದಲನೆಯವನ ಬಳಿ ಹೋದೆ. ನನ್ನ ಅಣ್ಣನ ವಯಸ್ಸಿನವನು. “ಯಣ್ಣಾ, ತಿನ್ನೋ ರೊಟ್ಟಿ ಕುದುರಿಗೆ ಹಾಕಾಕತ್ತೀರಲ್ರಿ, ದೇವರು ಮೆಚ್ಚತಾನೇನ್ರಿ?” ಅಂದೆ.

ಆತ ಬೈಯಲಿಲ್ಲ. “ಏನ್ ಮಾಡೂದವ್ವಾ ತಂಗೀ? ಮನ್ಯಾಗಾದ್ರ ಮಜ್ಜಿಗ್ಯಾಗ ನೆನಸಿ ತಿಂತೀವಿ. ಇಲ್ಲಿ ಮಜ್ಜಿಗಿ ಯಾರ್ ಕೊಡ್ತಾರ, ನೆನಸಾಕ ಹೊತ್ತರ ಎಲ್ಲದ? ಭೋಂಗಾ ಆಗೂದ್ರಾಗ ತಿರುಗಿ ಒಳಗ ಹೋಗಬೇಕು. ಒಣಾ ಕಡದ್ರ ಹಲ್ಲ ಹೋಗ್ತಾವ. ಅಲ್ಲಿ ಖಾನಾವಳ್ಯಾಗ ಬಿಸಿ ರೊಟ್ಟಿ ಸಿಗ್ತದ, ಆದ್ರ ಸಾರಿಗೆ ರುಚಿ ಇಲ್ಲ. ಈ ಹಿಂಡಿ ಇದ್ರ ನಾಕ್ ರೊಟ್ಟಿ ಜಾಸ್ತಿ ಹೋಗ್ತಾವ. ರೊಟ್ಟಿ ಟಾಂಗಾದವನಿಗೆ ಕೊಟ್ರ ಸಂಜೀಕ ಪುಕ್ಕಟೆ ಊರಾಗ ಬಿಡ್ತಾನ.” ಆಮೇಲೆ ಕಿಸೆ ಮುಟ್ಟಿಕೊಂಡು, “ಇದನ್ನ ಕುಟ್ಟೋ ಕೈ ಯಾರದೋ, ತಣ್ಣಗಿರಲಿ” ಅಂದ.

ನಾನು ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಹೊಗಳಿಕೆ ಕೇಳಿ ಅಷ್ಟು ಹೆದರಿದ್ದು ಜೀವಮಾನದಲ್ಲೇ ಅದೊಂದು ಸಲ.

ತಿರುಗಿ ಬರುವಾಗ, ಇದು ನಿಮಗೆ ಗೊತ್ತಿತ್ತೇನು ಎಂದು ಕಾಕಾನನ್ನು ಕೇಳಿಯೇ ಬಿಟ್ಟೆ. ಅವರು ಎತ್ತಿನ ಬೆನ್ನು ನೋಡುತ್ತಲೇ ಹೇಳಿದರು: “ಮೊದಲನೇ ತಿಂಗಳಿಂದ ಗೊತ್ತದ ಬೇಟಿ. ಅಮ್ಮಾರು ಸಣ್ಣ ಹುಡಿಗ್ಯಾರಂಗ ಬಾಗಲಿಗೆ ಓಡಿ ಬರ್ತಾರ. ಆ ಮುಖಾ ನೋಡಿ ಹೇಳಾಕ ಹಿಂಮತ್ ಆಗಲಿಲ್ಲ. ಖಾಲಿ ಆತೇನ್ ಅಂತ ಕೇಳ್ತಾರ, ಆತ್ರಿ ಅಂತೇನಿ. ಸುಳ್ಳೇನ್ ಅಲ್ಲಲ್ಲ? ಯಾರ್ ತಿಂದ್ರು ಅಂತ ಅವರು ಕೇಳಿಲ್ಲ, ನಾ ಹೇಳಿಲ್ಲ.”

ದಾರಿಯುದ್ದಕ್ಕೂ ಅದೇ ಲೆಕ್ಕ ಹಾಕಿದೆ. ಸುಮ್ಮನಿದ್ದರೆ ಡಾಬು ಹೋಗುತ್ತದೆ. ಹೇಳಿದರೆ? ನಿಮ್ಮ ರೊಟ್ಟಿ ಕುದುರೆಗೆ, ನನ್ನ ಹಿಂಡಿ ಮನುಷ್ಯರಿಗೆ ಎಂದು ಯಾವ ಸೊಸೆ ಅತ್ತೆಗೆ ಹೇಳಿ ಮನೆಯಲ್ಲಿ ಉಳಿದಾಳು? ಮನೆ ಮುಟ್ಟಿದಾಗ ಅತ್ತೆ, “ಏನಾತ ಬೇ?” ಎಂದು ಓಡಿಬಂದರು. ನನ್ನ ಬಾಯಿಂದಲೂ ಬಂದದ್ದು ಅದೇ ಮಾತು: “ಎಲ್ಲಾ ಖಾಲಿ ಆದ್ವ್ರಿ ಅತ್ತೀ.”

ಮರುದಿನ ಬೆಳಿಗ್ಗೆ ಪತ್ತಾರ ಬಂದ. ಅಂಗಳದಲ್ಲಿ ಕೂತು ತಕ್ಕಡಿ ತೆಗೆದ. ಅತ್ತೆ ಡಾಬನ್ನು ಸೆರಗಿನಿಂದ ಒಂದು ಸಲ ಒರೆಸಿ, ಕಣ್ಣಿಗೊತ್ತಿಕೊಂಡು, ತಟ್ಟೆಯಲ್ಲಿಟ್ಟರು. ಆ ಕಣ್ಣಿಗೊತ್ತಿಕೊಂಡದ್ದು ನೋಡಿ ನನಗೆ ತಡೆಯಲಾಗಲಿಲ್ಲ.

“ಕುದುರಿ ತಿಂತಾವ್ರಿ ಅತ್ತೀ!”

ಪತ್ತಾರ ನನ್ನ ಮುಖ ನೋಡಿದ, ಅತ್ತೆಯೂ ನೋಡಿದರು. “ಯಾವ ಕುದುರಿ?”

ಅಳುತ್ತಲೇ ಎಲ್ಲ ಹೇಳಿದೆ. ಟಾಂಗಾ, ತೋಬರಿ, ಹಲ್ಲು, ಮಜ್ಜಿಗೆ, ಕಿಸೆಗೆ ಹೋದ ಹಿಂಡಿ, ಎಲ್ಲ. ಅತ್ತೆಯ ಮುಖ ಬೂದಿಯಾಯಿತು. ಹಿತ್ತಲಿಗೆ ಹೋಗಿ ಸುಣ್ಣದ ಗೆರೆಗಳನ್ನು ನೋಡಿ ಬಂದರು. ಆಮೇಲೆ, “ಪತ್ತಾರ, ತಕ್ಕಡಿ ಎತ್ತು” ಎಂದು ಡಾಬು ತೆಗೆದುಕೊಂಡು ಒಳಗೆ ಹೋದರು.

ಹೊರಗೆ ಬಂದಾಗ ಅವರ ಕೈಯಲ್ಲಿ ಒನಕೆ ಇತ್ತು.

ನನ್ನ ಕಥೆ ಮುಗಿಯಿತು ಅಂದುಕೊಂಡೆ. ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಒನಕೆ ನನ್ನ ಕೈಗೆ ಬಂತು. “ಕುಟ್ಟು. ಹೆಂಗ ಕುಟ್ತಿ ನಾ ನೋಡ್ತೇನಿ” ಅಂದರು ಅತ್ತೆ.

ಹೊಡೆದಿದ್ದರೆ ಅಷ್ಟು ಬೆಚ್ಚಿಬೀಳುತ್ತಿರಲಿಲ್ಲ. ಏಳೂರಿಗೆ ಹೆಸರಾದ ಗುರುಬಸಮ್ಮ ನನ್ನೆದುರು ನೆಲದ ಮೇಲೆ ಕೂತು ಒರಳೊಳಗೆ ಕಣ್ಣಿಟ್ಟಿದ್ದರು. ಕುಟ್ಟಿದೆ. ನಡುವೆ ಕೈ ಹಾಕಿ ಚಿಟಿಕೆ ತೆಗೆದು ಬಾಯಿಗಿಟ್ಟುಕೊಂಡರು. ಆರು ತಿಂಗಳಲ್ಲಿ ಅವರು ನನ್ನ ಹಿಂಡಿಯ ರುಚಿ ನೋಡಿದ್ದು ಅದೇ ಮೊದಲು.

“ಸಿಟ್ಟು ಬಂದದ ನನಗ” ಅಂದರು. “ರೊಟ್ಟಿ ಸಲುವಾಗಿ ಅಲ್ಲ. ನಿನ್ನಿ ರಾತ್ರೀನೇ ಯಾಕ ಹೇಳಲಿಲ್ಲ? ನೀನೂ ಮೌಲಾನೂ ಕೂಡಿ ನನ್ನನ್ನ ಕುದುರಿಗಿಂತ ದಡ್ಡಿ ಮಾಡಿದ್ರಿ. ಇನ್ನ ಮುಂದ ನನಗ ಹೆದರಿ ಸುಮ್ಮ ಕುಂತ್ರ ಈ ಒನಕಿ ಬ್ಯಾರೆ ಕೆಲಸಕ್ಕ ಬರ್ತದ, ತಿಳೀತಿಲ್ಲ?” ಅಷ್ಟು ಬೈದು ಅವರಿಗೇ ನಗು ಬಂತು. “ರೊಟ್ಟಿ ಮಾರಿದ್ರ ಪಾಪ ಅಂದಿದ್ರು ಮಂದಿ. ಆ ಪಾಪಾನೂ ಕುದುರೀನೇ ತಿಂದು ಹಾಕ್ತು ಬಿಡು.” ನಗುತ್ತಿದ್ದ ಹಾಗೆಯೇ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡರು.

ಆ ವಾರದಿಂದ ಮಾರಲು ರೊಟ್ಟಿ ತಟ್ಟುವುದು ನಿಂತಿತು. ಹಿತ್ತಲಲ್ಲಿ ಒಲೆಗಳ ಬದಲು ಎರಡು ಒರಳು ಬಂದವು. ಹಿಂಡಿ ಆಳಂದಕ್ಕೂ ಹೋಯಿತು, ಅಫಜಲಪುರಕ್ಕೂ ಹೋಯಿತು. ಡಾಬು ಮನೆಯಲ್ಲೇ ಉಳಿಯಿತು. ಕಾಕಾನ ಬಂಡಿ ಬಂದಾಗ ಅತ್ತೆ ಆಮೇಲೂ ಬಾಗಿಲಿಗೆ ಓಡುತ್ತಿದ್ದರು, ಆದರೆ ಕೇಳುವ ಮಾತು ಬದಲಾಗಿತ್ತು: “ಯಾರ್ ತಿಂದ್ರು ಮೌಲಾ? ತಿಂದು ಏನಂದ್ರು?” ಹಬ್ಬ ಬಂದರೆ ಮಾತ್ರ ತಮ್ಮ ಕೈಯಾರೆ ಹತ್ತು ಖಡಕ್ ರೊಟ್ಟಿ ಮಾಡಿ ಬಂಡಿಗೆ ಹಾಕುತ್ತಿದ್ದರು. “ಬೇವಿನ ಗಿಡದ ಕೆಳಗ ನಿಂತಿರ್ತದಲ್ಲ, ನನ್ನ ಹಳೇ ಗಿರಾಕಿ, ಅದಕ್ಕ ಕೊಡು” ಅನ್ನುತ್ತಿದ್ದರು.

ಈಗ ನಾನೇ ಅತ್ತೆಯಾಗಿ ಎಷ್ಟೋ ವರ್ಷವಾಯಿತು. ಅಡುಗೆ ಭಾಳ ಛಲೋ ಆಗಿದೆ ಎಂದು ಮನೆಯವರೆಲ್ಲ ಒಂದೇ ದನಿಯಲ್ಲಿ ಹೇಳಿದರೆ ನನಗೆ ಸಂತೋಷವಾಗುವುದಿಲ್ಲ, ಆ ಕರುಂ ಕರುಂ ಸದ್ದು ಕಿವಿಗೆ ಬರುತ್ತದೆ. ಮೆಲ್ಲಗೆ ಎದ್ದು ಹೋಗಿ ಎಲ್ಲರ ತಾಟಿನಲ್ಲಿ ಏನು ಉಳಿದಿದೆ ಎಂದು ನೋಡಿ ಬರುತ್ತೇನೆ.